ಅಣ್ಣನ ಆಪರೇಷನ್ ಇವತ್ತೇ

ಅಣ್ಣಾ,

ಎದ್ದ ತಕ್ಷಣ ಕಾಫಿಗೆ ಕೈಹಾಕಬೇಡ, ಆಪರೇಷನ್‌ಗೆ ಖಾಲಿ ಹೊಟ್ಟೆಯಲ್ಲೇ ಬರಬೇಕಂತೆ. ನಿನ್ನನ್ನು ನಂಬದೆ ಕಾಫಿಪುಡಿ ಡಬ್ಬಿಯನ್ನು ನಾನೇ ಒಯ್ದಿದ್ದೇನೆ. ಹುಡುಕಿ ಮನೆ ತಲೆಕೆಳಗು ಮಾಡಬೇಡ.

ಉಚ್ಚೆಯಲ್ಲಿ ರಕ್ತ ಬಂದಾಗ ಬೀಟ್‌ರೂಟ್ ತಿಂದಿದ್ದಕ್ಕೆ ಅಂದೆಯಲ್ಲ, ಲಾಕ್‌ಡೌನಿನಲ್ಲಿ ನಮ್ಮ ಬೀದಿಗೆ ಬೀಟ್‌ರೂಟ್ ಬಂದದ್ದಾದರೂ ಯಾವಾಗ? ಗೋಡೆಗೆ ಬಣ್ಣ ಹೊಡೆಯುವವನಿಗೆ ಕೆಂಪಿಗೂ ಕೆಂಪಿಗೂ ವ್ಯತ್ಯಾಸ ಗೊತ್ತಾಗಲಿಲ್ಲವಾ? ಕೊರೋನಾ ಹತ್ತುತ್ತೆ ಅಂತ ತಿಂಗಳುಗಟ್ಟಲೆ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದಾಗ ಮೂತ್ರಕೋಶದಲ್ಲಿ ಕ್ಯಾನ್ಸರ್ ಗೆಡ್ಡೆ ಅಂದರು. ಆಮೇಲೆ ಬೆಡ್ಡೆಲ್ಲ ಕೊರೋನಾದವರಿಗೇ ಬೇಕೆಂದು ಅವರೇ ಎರಡು ಸಲ ಆಪರೇಷನ್ ಮುಂದೂಡಿದರು. ಆಗ ನಿನ್ನ ಮುಖ ನೋಡಬೇಕಿತ್ತು, ಶಾಲೆಗೆ ರಜೆ ಸಿಕ್ಕ ಹುಡುಗನ ಹಾಗೆ!

ನಿನ್ನೆ ಡಾಕ್ಟರಮ್ಮ ಫೋನ್ ಮಾಡಿ, "ಇನ್ನೂ ತಡ ಆದ್ರೆ ಆಳಕ್ಕೆ ಇಳಿಯುತ್ತಮ್ಮಾ, ಕರ್ಕೊಂಡು ಬನ್ನಿ" ಅಂದರು. ನಿನ್ನ ಕೊರೋನಾ ಟೆಸ್ಟೂ ನೆಗೆಟಿವ್, ಆ ನೆಪವೂ ಹೋಯಿತು. ಬೆಡ್ ಇನ್ನೊಬ್ಬರ ಪಾಲಾಗದಿರಲಿ ಅಂತ ನಾನು ಮೊದಲೇ ಹೋಗಿ ಹೆಸರು ಬರೆಸುತ್ತೇನೆ. ಪಕ್ಕದ ಮನೆ ಮೇಷ್ಟ್ರು ಕಾರಲ್ಲಿ ಕರೆತರುತ್ತಾರೆ. ಮಾಸ್ಕು ಗಡ್ಡಕ್ಕಲ್ಲ, ಮೂಗಿಗೆ.

ವಾರ್ಡಿನೊಳಗೆ ನನ್ನನ್ನು ಬಿಡೋದಿಲ್ಲವಂತೆ. ಗೇಟಿನ ಹೊರಗೇ ಇರುತ್ತೇನೆ. ಎದ್ದು ಓಡಾಡುವಂತಾದ ಮೇಲೆ ಕಿಟಕಿಗೆ ಬಂದು ಒಂದು ಸಲ ಕೈ ಬೀಸು. ಅದನ್ನು ನೋಡದೆ ನಾನು ಮನೆಗೆ ಬರುವವಳಲ್ಲ.

ನಿನ್ನ ಪೀಡೆ ತಂಗಿ