ಎರಡು ದಾರದ ಗಂಟು

ಮಂಗಳವಾರ, ಮಧ್ಯಾಹ್ನ
ಅಂಗಡಿಯ ಕೌಂಟರ್‌ನಿಂದ

ನನ್ನ ಬಂಗಾರದ ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ: ನಾನು ತುಂಬಾ, ತುಂಬಾ, ತುಂಬಾ ಸುಖವಾಗಿದ್ದೇನೆ. ಮದುವೆಯಾಗಿ ಐವತ್ತೊಂದು ದಿನ. ನಿನ್ನ ಅಳಿಯ ಈಗಲೂ ನಾನು ಮೆಟ್ಟಿಲು ಇಳಿದು ಬಂದರೆ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತು ನನ್ನನ್ನೇ ನೋಡುತ್ತಾರೆ. ಹೀಗೆ ಸುಟ್ಟ ದಿಂಬಿನ ಚೀಲಗಳು ಎರಡು, ದೇವರ ದಯೆ, ಎರಡೂ ನಮ್ಮವೇ.

ಇಷ್ಟು ಓದಿ ನೀನು, ಇವಳೇನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡಿರುತ್ತೀ. ಹೌದು, ಮುಚ್ಚಿಟ್ಟಿದ್ದೆ. ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಪತ್ರ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಎಂಬುದು ನಿನಗೆ ಗೊತ್ತು. ನಾನು ಇಂಗ್ಲಿಷ್ ಓದಿದವಳೆಂದು ಮಾವ ಹೊಸ ರಸೀದಿಗೆ ಎರಡು ಸಾಲು ಬರೆಯಲು ಹೇಳಿದರು. ನಾನು ಜಂಬದಿಂದ ಬರೆದೆ: ಬಣ್ಣ ಬಿಡಲು ಲಯಬಲ್, ಬಿಟ್ಟರೆ ಅಂಗಡಿ ಲಯಬಲ್ ಅಲ್ಲ. ಆ ಇಂಗ್ಲಿಷ್ ಪದಕ್ಕೆ ಮೊದಲ ಸಾಲಿನಲ್ಲಿ 'ಆಗುವ ಸಂಭವ ಇದೆ' ಎಂದರ್ಥ, ಎರಡನೇ ಸಾಲಿನಲ್ಲಿ 'ಹೊಣೆ' ಎಂದರ್ಥ ಎಂದು ಅತ್ತೆಗೆ ಪಾಠ ಬೇರೆ ಮಾಡಿದೆ. ಅವರು ನಕ್ಕು, "ಒಂದೇ ಪದಾನ ಎರಡು ಪಾಳಿ ದುಡಿಸ್ತೀಯಲ್ಲೇ, ಪಾಪ, ಅದಕ್ಕೆ ರಜಾ ಯಾವಾಗ?" ಎಂದರು.

ಇಲ್ಲಿ ಒಂದು ಪದ್ಧತಿಯಿದೆ. ಬಟ್ಟೆ ನೀರಿಗೆ ಬೀಳುವ ಮೊದಲು ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಅದರ ಒಳ ಅಂಚುಗಳನ್ನೆಲ್ಲ ಉಜ್ಜಿ, ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ನೋಡಿದವರು ಗುಂಡಿಯ ಕಾಜಕ್ಕೆ ತಮ್ಮ ಬಣ್ಣದ ದಾರ ಕಟ್ಟಬೇಕು. ಅತ್ತೆಯದು ನೀಲಿ, ಮಾವನದು ಕಪ್ಪು, ಇವರದು ಹಸಿರು, ನನ್ನದು ಕಿತ್ತಳೆ. ಹೊಸಬಳೆಂದು ನನ್ನ ದಾರ ಕಂಡ ಬಟ್ಟೆಯನ್ನು ಅತ್ತೆ ಇನ್ನೊಮ್ಮೆ ಉಜ್ಜಿ ನೋಡುತ್ತಿದ್ದರು. ನನಗೋ ಹುಚ್ಚು ಪ್ರೀತಿಯ ಅಮಲು. ನನ್ನ ದಾರ ಒಂಟಿಯಾಗಿ ಯಾಕಿರಬೇಕೆಂದು ಇವರ ಹಸಿರನ್ನೂ ಅದರ ಜೊತೆ ಹೊಸೆದು ಕಟ್ಟತೊಡಗಿದೆ. ಇವರಿಗೂ ಹೇಳಲಿಲ್ಲ, ಅವರೇ ಕಂಡುಹಿಡಿಯಲಿ ಎಂದು.

ಕಳೆದ ಬುಧವಾರ ಹೈಸ್ಕೂಲಿನ ಹೆಡ್ ಮಿಸ್ ಉಣ್ಣೆಯ ಕೋಟು ಕೊಟ್ಟುಹೋದರು. ಕೆನೆ ಬಣ್ಣದ ಮೈ, ಕೆಂಗಂದು ಕಾಲರ್, ತಾವೇ ಒಂದು ಇಡೀ ಚಳಿಗಾಲ ಕೂತು ಹೊಲಿದದ್ದು. ಶನಿವಾರ ಅವರ ನಿವೃತ್ತಿಯ ಬೀಳ್ಕೊಡುಗೆ. ನಾನು ಕೋಟಿನ ಮೈಯನ್ನಷ್ಟೇ ಉಜ್ಜಿದೆ, ಕಾಲರ್ ಮುಟ್ಟಲಿಲ್ಲ. ಹಿಂದಿನ ಕೋಣೆಯಿಂದ ಇವರು ಫೋನಿಗೆ ಒಂದಾದ ಮೇಲೊಂದು ಹೃದಯ ಕಳಿಸುತ್ತಿದ್ದರು, ಹತ್ತು ಹೆಜ್ಜೆ ದೂರದಿಂದ! ನಗುತ್ತಾ ಎರಡು ದಾರ ಕಟ್ಟಿ ಬುಟ್ಟಿಗೆ ಹಾಕಿದೆ. ಎರಡು ದಾರವೆಂದರೆ ಇಬ್ಬರು ನೋಡಿದ್ದಾರೆ ಎಂದು ಅತ್ತೆ ಮತ್ತೆ ಉಜ್ಜದೆ ಮೆಷಿನ್‌ಗೆ ಹಾಕಿದರು. ಹೊರಬಂದಾಗ ಹೆಗಲೆರಡೂ ಗುಲಾಬಿ.

ಮಾವ ದಾರ ನೋಡಿ ಮಗನ ಮೇಲೆ ಹರಿಹಾಯ್ದರು. "ಅವಳು ಹೊಸಬಳು, ನಿನಗೇನಾಗಿತ್ತೋ? ಕಣ್ಣು ಬಾಡಿಗೆಗೆ ಕೊಟ್ಟಿದ್ಯಾ?" ಇವರು ದಾರವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಸರಿಯಾಗಿ ನೋಡ್ಲಿಲ್ಲ ಅಪ್ಪ, ತಪ್ಪಾಯ್ತು" ಎಂದುಬಿಟ್ಟರು. ಇನ್ನು ನೀನು ಬಟ್ಟೆ ಉಜ್ಜಿ ನೋಡುವ ಮೇಜು ಮುಟ್ಟಬೇಡ ಎಂದರು ಮಾವ ಇವರಿಗೆ. ಹದಿನೈದನೇ ವಯಸ್ಸಿನಿಂದ ಇವರು ಕೂತ ಮೇಜು ಅದು. ಅಮ್ಮಾ, ನಾನು ತುಟಿ ಬಿಚ್ಚಲಿಲ್ಲ. ನನಗಾಗಿ ಬೈಸಿಕೊಂಡರಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ನೋಡು ನಿನ್ನ ಮಗಳ ಬುದ್ಧಿ.

ಮರುದಿನ ಬೆಳಿಗ್ಗೆ ಇವರು ಆ ಮೇಜಿನ ಕಡೆ ನೋಡದೆ ಗೋಡೆಗೆ ಮುಖ ಮಾಡಿ ಇಸ್ತ್ರಿ ಹಾಕುತ್ತಿದ್ದರು. ನಾನು ಬಂದರೂ ಇಸ್ತ್ರಿಪೆಟ್ಟಿಗೆ ನಿಲ್ಲಲಿಲ್ಲ. ಮಾವ ರಸೀದಿ ಹಿಡಿದು, "ಹೊಣೆ ಅಲ್ಲ ಅಂತ ಬರೆದಿದೆಯಲ್ಲ, ಇದನ್ನೇ ತೋರಿಸೋಣ" ಎಂದರು. ಅತ್ತೆ ಕೋಟು ಮಡಚುತ್ತಾ, "ಬಣ್ಣ ಬಿಡಬಹುದು ಅಂತಾನೂ ನಾವೇ ಬರೆದಿದೀವಿ. ಅಂದ್ರೆ ನಮಗೆ ಮೊದಲೇ ಗೊತ್ತಿತ್ತು ಅಂತಾಯ್ತು. ಗೊತ್ತಿದ್ದೋರು ತಾನೇ ನೋಡ್ಕೋಬೇಕಾದ್ದು? ನಾನೇ ಹೋಗಿ ಹೇಳಿ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದರು.

ಆಗ ನನ್ನಿಂದ ತಡೆಯಲಾಗಲಿಲ್ಲ. ಹಸಿರು ದಾರವನ್ನೂ ನಾನೇ ಕಟ್ಟಿದ್ದು, ಅವರು ಕೋಟನ್ನು ಮುಟ್ಟಿಯೇ ಇಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟೆ. ಯಾಕೆ ಕಟ್ಟಿದೆ ಎಂದು ಮಾವ ಕೇಳಿದರು. ಕಾರಣ ಹೇಳುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ನನ್ನನ್ನೇ ನೋಡಿ ಹೇಳಿದರು: "ಗಂಡನ್ನ ಕಟ್ಕೊಂಡಿದೀಯ, ಸಾಕು. ಅವನ ದಾರಾನೂ ಕಟ್ಟಬೇಡ. ನಡಿ, ಮುಖ ತೊಳ್ಕೊ, ಇಬ್ಬರೂ ಹೋಗೋಣ."

ಹೆಡ್ ಮಿಸ್ ಕೋಟನ್ನು ತೊಡೆಯ ಮೇಲೆ ಹರಡಿ ಗುಲಾಬಿಯಾದ ಹೆಗಲನ್ನು ಬೆರಳಿನಿಂದ ಸವರಿದರು. ನಾನು ಎಲ್ಲ ಹೇಳಿದೆ, ಫೋನಿನ ಹೃದಯಗಳನ್ನೂ. ಅವರು, "ಮೂವತ್ತು ವರ್ಷ ಮಕ್ಕಳು 'ನಾನಲ್ಲ ಮಿಸ್, ಅವನು' ಅಂದಿದ್ದೇ ಕೇಳಿದೀನಿ. ನೀನು ಬಂದು ನಾನೇ ಅಂದೆ, ಸಂತೋಷ" ಎಂದರು. ಕ್ಷಮಿಸಿದರು ಎಂದುಕೊಳ್ಳುವಷ್ಟರಲ್ಲಿ, "ಕೋಪ ಮಾತ್ರ ಇಳಿದಿಲ್ಲಮ್ಮ, ಇನ್ನೊಂದು ವಾರ ಇರುತ್ತೆ" ಎಂದರು. ಬೀಳ್ಕೊಡುಗೆಗೆ ಹಳೆಯ ಸ್ವೆಟರ್ ಹಾಕಿಕೊಂಡು ಹೋದರಂತೆ. ಕಲೆ ಪೂರ್ತಿ ಹೋಗಲಿಲ್ಲ. ಅವರನ್ನು ಕೇಳಿ ಇಡೀ ಕೋಟಿಗೆ ಕಾಲರಿನ ಬಣ್ಣವನ್ನೇ ಹಾಕುತ್ತಿದ್ದೇವೆ. ನನ್ನ ಬೆರಳೆಲ್ಲ ಕೆಂಗಂದು, ಈ ಕಾಗದದ ಮೇಲಿನ ಗುರುತು ಅದೇ.

ಇವರು ಮತ್ತೆ ಆ ಮೇಜಿಗೆ ಕೂತಿದ್ದಾರೆ, ನನ್ನ ಪಕ್ಕದಲ್ಲೇ. ಮಾವ ರಸೀದಿಯಲ್ಲಿ ಹೊಣೆ ಅಲ್ಲ ಎಂಬ ಎರಡನೇ ಸಾಲನ್ನು ಹೊಡೆದುಹಾಕಲು ಹೇಳಿದ್ದಾರೆ, ಒಂದೊಂದಾಗಿ ಗೀಟು ಎಳೆಯುತ್ತಿದ್ದೇನೆ. ನನ್ನ ಬೆನ್ನಿಗೆ ನಿಂತು, ಆದರೆ ನನ್ನನ್ನೇ ಮುಂದೆ ನಡೆಸಿದ ಇಂಥ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ? ಈ ಮನೆಗೆ ನನ್ನನ್ನು ಕೊಟ್ಟಿದ್ದಕ್ಕೆ ನಿನಗೆ ಸಾವಿರ ಮುತ್ತು.

ನಿನ್ನ
ವಟವಟ ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಈಗ ಬಂತು. ಅಜ್ಜನ ರೇಡಿಯೋ ಬೀಳಿಸಿ ಒಡೆದದ್ದು ಅಣ್ಣ ಅಲ್ಲ ಅಮ್ಮಾ, ನಾನು. ಅದಕ್ಕಾಗಿ ನೀನು ಅವನನ್ನು ಶಾಲೆಯ ಪ್ರವಾಸಕ್ಕೆ ಕಳಿಸಲಿಲ್ಲ. ನಿನ್ನೆ ಅವನಿಗೆ ಫೋನ್ ಮಾಡಿ ಹೇಳಿದೆ. "ಗೊತ್ತು ಕಣೇ ಕತ್ತೆ, ಬಾಗಿಲ ಹಿಂದೆ ನಿಂತು ನೋಡ್ತಿದ್ದೆ" ಎಂದ. ಹದಿಮೂರು ವರ್ಷ ಯಾರಿಗೂ ಬಾಯಿ ಬಿಟ್ಟಿಲ್ಲ. ನನ್ನನ್ನು ಆಮೇಲೆ ಬೈಯುವೆಯಂತೆ, ಮೊದಲು ಅವನಿಗೊಂದು ಫೋನ್ ಮಾಡು.