ಚಂದ್ರಕಲಾಳಿಗೆ ಹಾಲ್ ಟಿಕೆಟ್ ಕೊಡಿ

ಚೆನ್ನೈ, ೨೬ ಅಕ್ಟೋಬರ್ ೨೦೦೬

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯವು ಸಾಮಾಜಿಕ ನ್ಯಾಯದ ಬಗ್ಗೆ ಕೊಟ್ಟ ತರಬೇತಿಯಿಂದ ಒಬ್ಬ ವಿದ್ಯಾರ್ಥಿನಿ ಪರೀಕ್ಷೆಗೆ ಕೂರುವ ಅವಕಾಶವನ್ನೇ ಕಳೆದುಕೊಂಡಿದ್ದಾಳೆ. ಅವಳ ಹೆಸರು ಚಂದ್ರಕಲಾ. ಬಿ.ಎಸ್ಸಿ. ಭೌತಶಾಸ್ತ್ರ, ಕೊನೆಯ ವರ್ಷ. ನಾನು ಅವಳ ಅಧ್ಯಾಪಕಿ. ಇದನ್ನೆಲ್ಲ ವಿವರಿಸಿ ನಿಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ಮೊದಲನೆಯದು ತಲುಪಿಲ್ಲ ಎಂದರು, ಎರಡನೆಯದು ಪರಿಶೀಲನೆಯಲ್ಲಿದೆ ಎಂದರು, ಮೂರನೆಯದಕ್ಕೆ ಒಂದೂವರೆ ಸಾಲಿನ ಉತ್ತರ ಬಂತು: ‘ನಿಯಮದಲ್ಲಿ ಅವಕಾಶವಿಲ್ಲ.’ ಕಳೆದ ವರ್ಷ ನೀವು ನಮ್ಮ ಕನ್ನಡ ಸಂಘದ ವೇದಿಕೆಯ ಮೇಲೆ ನಿಂತು, ಹುದ್ದೆಯ ಭಾಷೆ ಯಾವುದೇ ಇರಲಿ, ನನ್ನ ಎದೆಯ ಭಾಷೆ ಕನ್ನಡ ಎಂದಿದ್ದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಆದ್ದರಿಂದ ನಾಲ್ಕನೆಯ ಪತ್ರವನ್ನು ಆ ಎದೆಗೇ ಬರೆಯುತ್ತಿದ್ದೇನೆ. ಸಂಘದ ಮಾಸಪತ್ರಿಕೆಯಲ್ಲಿ ಪ್ರಕಟವಾಗುವುದರಿಂದ ತಲುಪಿಲ್ಲ ಎಂದು ಈ ಸಲ ಯಾರೂ ಹೇಳಲಾರರು.

ಜುಲೈನಲ್ಲಿ ನಿಮ್ಮ ಸುತ್ತೋಲೆ ಬಂತು. ದೇಶದಲ್ಲೆಲ್ಲ ಮೀಸಲಾತಿಯ ಪರ-ವಿರೋಧದ ಕೂಗು ಜೋರಾಗಿದ್ದ ಸಮಯ. ಎಲ್ಲ ವಿಭಾಗಗಳೂ ಒಂದು ದಿನ ‘ಸಾಮಾಜಿಕ ನ್ಯಾಯ ಮತ್ತು ಸವಲತ್ತಿನ ಅರಿವು’ ತರಬೇತಿ ನಡೆಸಬೇಕು, ಹಾಜರಾತಿ ಕಡ್ಡಾಯ, ವರದಿಯೊಂದಿಗೆ ಛಾಯಾಚಿತ್ರ ಲಗತ್ತಿಸತಕ್ಕದ್ದು. ಆಗಸ್ಟ್ ಹನ್ನೊಂದರಂದು ನಮ್ಮ ಸರದಿ. ಹೊರಗಿನಿಂದ ಇಬ್ಬರು ತರಬೇತುದಾರರು ಬಂದರು. ಅಧ್ಯಾಪಕರು, ವಿದ್ಯಾರ್ಥಿಗಳು ಎಲ್ಲರನ್ನೂ ಸಭಾಂಗಣದ ನಡುವೆ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಅಜ್ಜನಿಗೆ ಓದುಬರಹ ಬರುತ್ತಿದ್ದವರು ಒಂದು ಹೆಜ್ಜೆ ಮುಂದೆ ಬನ್ನಿ. ಮನೆಯಲ್ಲಿ ಓದಲು ಬೇರೆ ಕೋಣೆ ಇರುವವರು ಒಂದು ಹೆಜ್ಜೆ ಮುಂದೆ. ಜಾತಿಯ ಕಾರಣಕ್ಕೆ ಯಾರದಾದರೂ ಮನೆಯ ಹೊರಗೆ ನಿಂತವರು ಒಂದು ಹೆಜ್ಜೆ ಹಿಂದೆ. ಹೀಗೆ ಇಪ್ಪತ್ತು ಪ್ರಶ್ನೆ.

ನಾನು ಮಾಧ್ವರ ಮನೆಯವಳು. ನನ್ನ ಅಜ್ಜ ವಿಮಾ ಕಂಪನಿಯ ಗುಮಾಸ್ತರಾಗಿ ಚೆನ್ನೈನ ತಿರುವಲ್ಲಿಕ್ಕೇಣಿಗೆ ಬಂದು ನೆಲೆಸಿದವರು. ಹನ್ನೆರಡನೆಯ ಪ್ರಶ್ನೆಯ ಹೊತ್ತಿಗೆ ನನ್ನ ಮೊಣಕಾಲು ವೇದಿಕೆಗೆ ತಾಗಿತ್ತು, ಮುಂದೆ ಹೋಗಲು ಜಾಗವಿರಲಿಲ್ಲ. ತಿರುಗಿ ನೋಡಿದರೆ ಚಂದ್ರಕಲಾ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಒಬ್ಬಳೇ ನಿಂತಿದ್ದಳು. ತರಬೇತುದಾರರಲ್ಲೊಬ್ಬರು ಮೈಕ್ ಹಿಡಿದು ಅಷ್ಟು ದೂರ ನಡೆದುಹೋಗಿ, ಎಲ್ಲರಿಗೂ ಕೇಳುವಂತೆ, “ಇಲ್ಲಿ ನಿಂತು ನಿನಗೆ ಈಗ ಏನನ್ನಿಸುತ್ತಿದೆ?” ಎಂದು ಕೇಳಿದರು. ಅವಳು ತಲೆ ಎತ್ತಲಿಲ್ಲ. ಆ ಕ್ಷಣದಲ್ಲೇ ಫೋಟೋ ತೆಗೆದರು. ನಿಮ್ಮ ವಾರ್ತಾಪತ್ರದ ಮುಖಪುಟದಲ್ಲಿ ‘ಅರಿವಿನ ಹೆಜ್ಜೆಗಳು’ ಎಂಬ ಅಡಿಬರಹದೊಂದಿಗೆ ಬಂದದ್ದು ಅದೇ ಫೋಟೋ. ಯಾರ ಅರಿವು, ಸ್ವಾಮಿ? ಗೋಡೆಗೆ ಒರಗಿದವಳಿಗೆ ತಾನು ಎಲ್ಲಿದ್ದೇನೆಂದು ಮೊದಲು ಗೊತ್ತಿರಲಿಲ್ಲವೇ? ನಮಗೆ ಅರಿವು ಮೂಡಿಸಲು ಅವಳ ಬೆನ್ನೇ ಕಪ್ಪು ಹಲಗೆಯಾಗಬೇಕಿತ್ತೇ?

ಮರುದಿನದಿಂದ ಕ್ಯಾಂಟೀನಿನಲ್ಲಿ ಅವಳಿಗೆ ‘ಗೋಡೆ’ ಎಂದೇ ಹೆಸರಾಯಿತು. ಅದರ ಮುಂದಿನ ವಾರದಿಂದ ಅವಳು ಬರುವುದನ್ನೇ ನಿಲ್ಲಿಸಿದಳು.

ಇಲ್ಲಿಂದ ಎರಡು ಪಕ್ಷ ಹುಟ್ಟಿಕೊಂಡವು. ನಮ್ಮ ವಿಭಾಗದ ಪ್ರಮೋದ್ ಎಂಬ ಹಿರಿಯ ಅಧ್ಯಾಪಕರು ಇಂಥ ತರಬೇತಿಗಳನ್ನೇ ನಿಷೇಧಿಸಬೇಕೆಂದು ಸಹಿ ಸಂಗ್ರಹಿಸತೊಡಗಿದರು. “ನೋಡಿ ಸೀತಾ, ಮಕ್ಕಳು ಜಾತಿ ಮರೆತು ಕೂತಿದ್ರು. ಇವರು ಬಂದು ನೆನಪು ಮಾಡಿದ್ರು. ಆ ಹುಡುಗಿಯೇ ಸಾಕ್ಷಿ, ಪಾಪ,” ಎಂದರು. ಎರಡು ವರ್ಷ ಅವಳ ಹೆಸರನ್ನು ಒಂದು ಸಲವೂ ಸರಿಯಾಗಿ ಕರೆಯದವರಿಗೆ ಅವಳು ಇದ್ದಕ್ಕಿದ್ದಂತೆ ಸಾಕ್ಷಿಯಾದಳು. ನಾನು ಸಹಿ ಹಾಕಲಿಲ್ಲ. ತರಬೇತುದಾರರಿಗೆ ಫೋನ್ ಮಾಡಿದರೆ, ಮುಜುಗರವೂ ಕಲಿಕೆಯ ಒಂದು ಭಾಗ ಎಂಬ ಉತ್ತರ ಸಿಕ್ಕಿತು. ಮುಜುಗರ ಪಟ್ಟವಳು ಮನೆ ಸೇರಿದ್ದಾಳೆ, ಕಲಿಯಬೇಕಾದವರು ಕ್ಯಾಂಟೀನಿನಲ್ಲಿ ನಗುತ್ತಿದ್ದಾರೆ ಎಂದೆ. ಅವರಿಗೆ ಬೇರೆ ಕಾಲೇಜಿಗೆ ಹೊರಡುವ ಅವಸರವಿತ್ತು. ಈ ಎರಡೂ ಪಕ್ಷದವರಲ್ಲಿ ಒಬ್ಬರಾದರೂ ಅವಳ ಮನೆಗೆ ಹೋಗಲಿಲ್ಲ.

ಸೆಪ್ಟೆಂಬರ್ ಮೊದಲ ಭಾನುವಾರ ನಾನು ಇಲ್ಲೇ ಉತ್ತರ ಚೆನ್ನೈನ ರಾಯಪುರಂನಲ್ಲಿರುವ ಅವಳ ಮನೆಗೆ ಹೋದೆ. ದಯಾಮಯಿ ಅಧ್ಯಾಪಕಿಯಾಗಿ ವಿದ್ಯಾರ್ಥಿನಿಯನ್ನು ಕೈಹಿಡಿದು ಕರೆತರಲು ಹೊರಟಿದ್ದೆ ಎಂದುಕೊಳ್ಳಬೇಡಿ. ನನಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಹೇಳುತ್ತಿದ್ದೇನೆ. ರೈಲ್ವೆ ಕ್ವಾರ್ಟರ್ಸಿನ ಬಾಗಿಲಲ್ಲಿ ಅವಳ ತಂದೆ ನಿಂತಿದ್ದರು. ಹಳಿ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ, ಹೆಸರು ತಿರುಮಲಪ್ಪ. ನಾನು ತಮಿಳಿನಲ್ಲಿ ಪರಿಚಯ ಹೇಳಿಕೊಂಡೆ. ಅವರು ಉತ್ತರ ಕೊಟ್ಟದ್ದು ಕನ್ನಡದಲ್ಲಿ.

“ಒಳಗ್ ಬನ್ನಿ ಮೇಡಂ. ನಮ್ದು ಬಂಗಾರಪೇಟೆ ಕಡೆ. ಒಂದು ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೊಬ್ಯಾಡಿ. ಅಷ್ಟು ಜನದ ಮುಂದೆ ನಿಲ್ಸಿ ತೋರ್ಸಕ್ಕೆ ನಿಮ್ಗೆ ನನ್ ಮಗಳೇ ಬೇಕಾಗಿತ್ತಾ?”

ನಾನು ಕೂತೆ. ಚಂದ್ರಕಲಾ ಅಡುಗೆಮನೆಯ ಬಾಗಿಲಿಗೆ ಬಂದಳು. ನಿನ್ನ ಮನೆಮಾತು ಕನ್ನಡ ಎಂದು ನೀನು ಒಂದು ದಿನವೂ ಹೇಳಲಿಲ್ಲವಲ್ಲ ಎಂದೆ.

“ಏನು ಮೇಡಂ ಹೇಳೋದು? ನಾನು ಬಾಯ್ ತೆಗೆದ್ರೆ ಯಾವ ಕನ್ನಡ ಅಂತ ನಿಮ್ಗೆ ಉಡನೇ, ಆ ಕ್ಷಣಕ್ಕೇ ತಿಳ್ದೋಗ್ತಿತ್ತು. ಆಮೇಲೆ, ಫಸ್ಟ್ ಇಯರ್‌ನಲ್ಲಿ ಲ್ಯಾಬಲ್ಲಿ ನೀವು ಮಧುಸೂದನ್ ಸಾರ್‌ಗೆ ಹೇಳಿದ್ರಲ್ಲ, ‘ಆ ಕೋಟಾ ಹುಡುಗಿ ಕೈಗೆ ಸ್ಪೆಕ್ಟ್ರೋಮೀಟರ್ ಕೊಡಬೇಡಿ, ಕೆಡಿಸಿಬಿಡ್ತಾಳೆ, ರೀಡಿಂಗ್ ಬರ್ಕೊಳ್ಲಿ ಸಾಕು’ ಅಂತ. ನಾನು ಪಕ್ಕದ ಮೇಜಲ್ಲೇ ಇದ್ದೆ.”

ಕುಲಪತಿಗಳೇ, ಆ ಮಾತು ನನಗೆ ನೆನಪೇ ಇರಲಿಲ್ಲ. ನನ್ನ ಅಪರಾಧದ ಅಳತೆ ಅದೇ. ಇತರರಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಆಡಿದ ಮಾತು, ಯಾರಿಗೆ ತಿಳಿಯಬಾರದಿತ್ತೋ ಅವಳಿಗೇ ತಿಳಿದಿತ್ತು. ಮಧುಸೂದನ್ ಒಳ್ಳೆಯ ಮನುಷ್ಯ, ಲ್ಯಾಬಿನ ಉಸ್ತುವಾರಿ ಅವರದು. ನಾನು ಹೇಳಿದ್ದನ್ನು ನಿಷ್ಠೆಯಿಂದ ಪಾಲಿಸಿದ್ದರು. ಎರಡು ವರ್ಷ ಉಳಿದವರು ಬೆಳಕನ್ನು ಬಿಡಿಸಿ ಅಳೆಯುವ ಆ ಸ್ಪೆಕ್ಟ್ರೋಮೀಟರಿನ ದೂರದರ್ಶಕ ತಿರುಗಿಸುತ್ತ, ಪಟ್ಟಕ ಕೂರಿಸುತ್ತ ಇದ್ದರೆ, ಈ ಹುಡುಗಿ ಪಕ್ಕದಲ್ಲಿ ನಿಂತು ಅವರು ಕೂಗಿದ ಅಂಕಿಗಳನ್ನು ಬರೆದುಕೊಂಡಿದ್ದಾಳೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳಿಗೆ ಕಡಿಮೆ ಅಂಕ ಬಂದಾಗ, ನಾನು ಮೊದಲೇ ಹೇಳಿರಲಿಲ್ಲವೇ ಎಂದುಕೊಂಡವಳೂ ನಾನೇ.

“ಅವತ್ತು ಇಪ್ಪತ್ತು ಕೇಳ್ವಿ ಕೇಳಿದ್ರು ಮೇಡಂ,” ಎಂದಳು ಚಂದ್ರಕಲಾ. “ಅಜ್ಜ, ಮನೆ, ರೂಮು, ಎಲ್ಲ ಕೇಳಿದ್ರು. ಲ್ಯಾಬಲ್ಲಿ ಯಾರ್‌ಯಾರು ಸ್ಪೆಕ್ಟ್ರೋಮೀಟರ್ ಮುಟ್ಟಿದೀರ ಅಂತ ಮಾತ್ರ ಕೇಳ್ಲಿಲ್ಲ.”

ಕ್ಷಮಿಸು ಎಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ತಿರುಮಲಪ್ಪನವರೇ, “ಈಗ ಏನ್ ಮಾಡ್ತೀರಿ, ಅದ್ ಹೇಳಿ ಮೇಡಂ,” ಎಂದರು. ಶನಿವಾರಗಳಲ್ಲಿ ಲ್ಯಾಬ್ ತೆರೆಸಿ ನಾನೇ ಕಲಿಸುತ್ತೇನೆ ಎಂದೆ. ಮಗಳು ಅಪ್ಪನ ಮುಖ ನೋಡಿದಳು. ಅವರು “ನೀನೇ ಹೇಳು” ಎಂದರು. ಅವಳು ಒಂದು ವಾರ ಯೋಚಿಸಿ, ಸೆಪ್ಟೆಂಬರ್ ಹನ್ನೊಂದರ ಸೋಮವಾರ ತಾನಾಗಿ ತರಗತಿಗೆ ಬಂದಳು.

ಅದೇ ವಾರ ವಿಭಾಗದ ಸಭೆಯಲ್ಲಿ, ನಾನು ಲ್ಯಾಬಿನಲ್ಲಿ ಆಡಿದ್ದ ಆ ಮಾತನ್ನು ನಾನೇ ಎದ್ದು ನಿಂತು ಹೇಳಿದೆ. ಪ್ರಮೋದ್, “ಇದೆಲ್ಲ ನಡಾವಳಿಯಲ್ಲಿ ಬರೀಬೇಡಿ” ಎಂದರು. ಬರೆಯಲೇಬೇಕು ಎಂದೆ. ಆ ಸಂಜೆಯಿಂದ ಅಧ್ಯಾಪಕರ ಕೊಠಡಿಯಲ್ಲಿ ನನ್ನೊಂದಿಗೆ ಕಾಫಿ ಕುಡಿಯುವವರು ಮಧುಸೂದನ್ ಒಬ್ಬರೇ. ಅವರೂ ತಲೆ ತಗ್ಗಿಸಿಯೇ ಕುಡಿಯುತ್ತಾರೆ.

ಮೊದಲ ಶನಿವಾರ ಚಂದ್ರಕಲಾ ಉಪಕರಣದ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಎರಡು ವರ್ಷದ ಅಭ್ಯಾಸ. ತಿರುಪು ತಿರುಗಿಸು ಎಂದೆ. ತಿರುಗಿಸಿದಳು. ಮುಂದಿನ ಶನಿವಾರ ಸೋಡಿಯಂ ದೀಪದ ಹಳದಿ ಗೆರೆ ಒಂದಲ್ಲ, ಎರಡು ಎಂದು, ಬೆಳಕನ್ನು ಬಿಡಿಸುವ ಗ್ರೇಟಿಂಗ್ ಗಾಜನ್ನು ಇಟ್ಟು ತಾನೇ ಕಂಡುಕೊಂಡು, “ಮೇಡಂ, ರೆಂಡು ಇರ್ಕು!” ಎಂದು ತಮಿಳಿನಲ್ಲಿ ಕೂಗಿದಳು. ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಕಣ್ಣಾರೆ ಕಂಡಿರಲಿಲ್ಲ, ಅಷ್ಟೇ. ಉಪಕರಣ ಈವರೆಗೆ ಕೆಟ್ಟಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಈಗ ನಿಮ್ಮ ನಿಯಮಕ್ಕೆ ಬರೋಣ. ಹಾಜರಾತಿ ಶೇಕಡಾ ಎಪ್ಪತ್ತೈದು ಇರಬೇಕು, ಅವಳದು ಅರವತ್ತೊಂಬತ್ತು. ಹಾಲ್ ಟಿಕೆಟ್ ಇಲ್ಲ. ಗಮನಿಸಿ, ಆಗಸ್ಟ್ ಹನ್ನೊಂದರ ತರಬೇತಿಯ ಹಾಜರಾತಿ ಮಾತ್ರ ಅವಳಿಗೆ ಪೂರ್ತಿ ಸಿಕ್ಕಿದೆ! ಕಾರಣವಿದ್ದರೆ ಶೇಕಡಾ ಹತ್ತರವರೆಗಿನ ಕೊರತೆಯನ್ನು ಕುಲಪತಿಗಳು ಮನ್ನಿಸಬಹುದು ಎಂದು ಅದೇ ನಿಯಮಾವಳಿಯ ಮುಂದಿನ ಪುಟದಲ್ಲಿದೆ. ಕ್ರಿಕೆಟ್ ಆಡಲು ಹೋದವರಿಗೆ ಈ ವರ್ಷವೂ ಮನ್ನಿಸಿದ್ದೀರಿ. ಆಟ ಕಾರಣವಾಗುತ್ತದೆ, ಅವಮಾನ ಕಾರಣವಾಗುವುದಿಲ್ಲವೇ? ಅಥವಾ ವೈದ್ಯರ ಸರ್ಟಿಫಿಕೇಟ್ ಬೇಕೇ? ಯಾವ ವೈದ್ಯರು ಕೊಡುತ್ತಾರೆ, ದಯವಿಟ್ಟು ತಿಳಿಸಿ.

ತರಬೇತಿ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಪ್ರಮೋದ್ ಅವರ ಅರ್ಜಿ ನಿಮ್ಮ ಮೇಜಿಗೆ ಬಂದಿದ್ದರೆ, ಅದರಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಸ್ತಾಪವಿದ್ದರೆ, ಅದು ಅವಳ ಒಪ್ಪಿಗೆಯಿಲ್ಲದೆ ಬರೆದದ್ದು ಎಂದು ತಿಳಿಯಿರಿ. ಈ ಪತ್ರವನ್ನು ಅವಳಿಗೆ ಓದಿ ಹೇಳಿದ್ದೇನೆ. ಹೆಸರು ಮರೆಮಾಡಲೇ ಎಂದು ಕೇಳಿದೆ. “ಬೇಡ ಮೇಡಂ, ಫೋಟೋ ಹಾಕ್ದಾಗ ಯಾರೂ ಕೇಳ್ಲಿಲ್ಲ. ಈಗ ನೀವು ಕೇಳ್ತಿದೀರಲ್ಲ, ಹೆಸರು ಹಾಕಿ,” ಎಂದಳು. ಅವಳ ಬಗ್ಗೆ ನಾನು ಬರೆದಿದ್ದ ಮರುಕದ ಎರಡು ಸಾಲನ್ನು ಮಾತ್ರ ಹೊಡೆದು ಹಾಕಿಸಿದಳು.

ನವೆಂಬರ್ ಆರರಂದು ಪ್ರಾಯೋಗಿಕ ಪರೀಕ್ಷೆ. ಅದಕ್ಕೆ ಮೊದಲು ಅವಳ ಹಾಜರಾತಿ ಕೊರತೆಯನ್ನು ಮನ್ನಿಸಿ ಹಾಲ್ ಟಿಕೆಟ್ ಕೊಡಿ. ನಿಮ್ಮ ಸೂಚನಾಫಲಕದಲ್ಲಿ ಇನ್ನೂ ಅಂಟಿಸಿರುವ ಆ ಫೋಟೋವನ್ನು ತೆಗೆಸಿ. ಮುಂದಿನ ತರಬೇತಿಯನ್ನು ವಿದ್ಯಾರ್ಥಿಗಳಿಲ್ಲದೆ, ನಮ್ಮಂಥವರಿಗೆ ಮಾತ್ರ ನಡೆಸಿ: ಲ್ಯಾಬ್ ನಡೆಸುವವರು, ಆಂತರಿಕ ಅಂಕ ಹಾಕುವವರು, ಹಾಸ್ಟೆಲ್ ಕೋಣೆ ಹಂಚುವವರು, ಕಡತಕ್ಕೆ ಸಹಿ ಮಾಡುವವರು. ಅಜ್ಜನ ವಿಷಯ ಬೇಡ. ಈ ವರ್ಷ ಯಾರಿಗೆ ಏನನ್ನು ಕೊಡದೆ ತಡೆದಿರಿ ಎಂದು ಒಬ್ಬೊಬ್ಬರನ್ನೂ ಕೇಳಿ. ನನ್ನ ಉತ್ತರ ಸಿದ್ಧವಾಗಿದೆ, ಮೊದಲು ನನ್ನನ್ನೇ ಕರೆಯಿರಿ. ಎರಡನೆಯವರಾಗಿ ನೀವು ಬನ್ನಿ.

ಇಂತಿ,
ಇಪ್ಪತ್ನಾಲ್ಕು ವರ್ಷ ಪಾಠ ಹೇಳಿ, ಒಂದು ಭಾನುವಾರ ಪಾಠ ಹೇಳಿಸಿಕೊಂಡ,
ಸೀತಾ ವಿಷ್ಣುತೀರ್ಥ
ಭೌತಶಾಸ್ತ್ರ ಅಧ್ಯಾಪಕಿ