ಮೂರು ಎಕರೆಗೆ ಯಾವ ದ್ರಾಕ್ಷಿ

೧೨ ಫೆಬ್ರುವರಿ ೨೦೨೫, ಬುಧವಾರ. ಬೆಳಿಗ್ಗೆ ೭

ಹದಿನಾಲ್ಕು ಡಿಗ್ರಿ. ಎಲೆಗಳ ಮೇಲೆಲ್ಲ ಇಬ್ಬನಿ. ಮೀಟರಿನಲ್ಲಿ ವೈನ್ ದ್ರಾಕ್ಷಿಯ ಸಿಹಿ ನೋಡಿದೆ — ಕಪ್ಪು ಜಾತಿ ಶಿರಾಜ್ ಇಪ್ಪತ್ತೊಂದು, ಕ್ಯಾಬರ್ನೆ ಹತ್ತೊಂಬತ್ತು. ಬಿಳಿ ಜಾತಿ ಶೆನಿನ್ ಈ ವರ್ಷವೂ ಗೊಂಚಲಿನೊಳಗೇ ಕೊಳೆತಿದೆ. ಈ ಇಬ್ಬನಿಗೆ ಅದು ಆಗುವುದಿಲ್ಲ. ಅದಕ್ಕೊಂದು ದೊಡ್ಡ ನಮಸ್ಕಾರ.

ಉಳಿದದ್ದು ಎರಡು. ಪ್ರಯೋಗಕ್ಕೆಂದು ಹಾಕಿದ ಸಾಲುಗಳು ಇವು. ಪಕ್ಕದ ಮೂರು ಎಕರೆ ಉತ್ತು ಕಾದಿದೆ. ಮಾರ್ಚ್ ಹದಿನೈದರೊಳಗೆ ನರ್ಸರಿಗೆ ಹೇಳಬೇಕು, ಯಾವ ಜಾತಿಯ ಸಸಿ ಅಂತ. ನೆಟ್ಟರೆ ಹದಿನೈದು ವರ್ಷ. ನನಗೀಗ ಐವತ್ತೆಂಟು... ಇನ್ನೊಂದು ಸಲ ಕಿತ್ತು ನೆಡುವ ವಯಸ್ಸಲ್ಲ.

ತಪ್ಪುವ ಮಾತೇ ಇಲ್ಲ ಬಿಡಿ. ಹಾಸನದಲ್ಲಿ ಮಂಡಿ ಇಟ್ಟು ಮೂವತ್ತು ವರ್ಷ ಬಿತ್ತನೆ ಆಲೂಗಡ್ಡೆ ಆರಿಸಿದ ಕೈ. ಈ ಕಟ್ಟಾಯದ ಮಣ್ಣಿಗೆ ದ್ರಾಕ್ಷಿ ಆರಿಸುವುದು ಏನು ಮಹಾ! ಮನಸ್ಸು ಕ್ಯಾಬರ್ನೆ ಕಡೆಗೇ. ಹೆಸರಿರುವ ಜಾತಿ.

೨೪ ಫೆಬ್ರುವರಿ, ಸೋಮವಾರ

ವೈನರಿಯ ಶೋಭಿತಾ ಬಂದಿದ್ದಳು. ಹೋದ ವರ್ಷದ ನಮ್ಮ ಹಣ್ಣಿನಿಂದ ಮಾಡಿದ ವೈನು, ಜಾತಿಗೊಂದರಂತೆ ಎರಡು ಬಾಟಲಿ. ಯಾವುದಮ್ಮ ಚೆನ್ನಾಗಿದೆ ಅಂದೆ.

"ಎರಡೂ ಚೆನ್ನಾಗಿವೆ ಸರ್. ನೀವೇ ಕುಡಿದು ನೋಡಿ, ಗೊತ್ತಾಗುತ್ತೆ."

ಒಳ್ಳೆಯ ಹುಡುಗಿ. ಆದರೆ ಹಣ್ಣು ಕೊಳ್ಳುವವಳೂ ಅವಳೇ. ಕೊಳ್ಳುವವರ ನಾಲಿಗೆ ನಂಬಿ ಮಂಡಿ ನಡೆಸಿದವನಲ್ಲ ನಾನು. ನಾನೇ ನೋಡೋಣವೆಂದರೆ — ಕೊರಳಲ್ಲಿ ಲಿಂಗ. ಈವರೆಗೆ ಒಂದು ತೊಟ್ಟು ಮುಟ್ಟಿಲ್ಲ. ಹೆಂಡತಿ ಪ್ರೇಮಕುಮಾರಿಯಂತೂ ಬಾಟಲಿ ಹೊಸ್ತಿಲು ದಾಟಲು ಬಿಡಲಿಲ್ಲ.

"ಬೆಳೀರಿ, ಮಾರಿ, ನಾನು ಅಡ್ಡ ಬರಲ್ಲ ಕಣ್ರೀ. ಮನೆಯೊಳಗೆ ಮಾತ್ರ ಬೇಡ. ನಾಡಿದ್ದು ಶಿವರಾತ್ರಿ ಬೇರೆ."

ಪಂಪ್‌ಹೌಸಿನಲ್ಲಿ ಇಟ್ಟೆ.

೨೭ ಫೆಬ್ರುವರಿ, ಗುರುವಾರ. ಸಂಜೆ

ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

ಮಾರಮ್ಮ. ಅರವತ್ತೆರಡರ ಹೆಂಗಸು. ಮೊದಲ ಬಳ್ಳಿ ನೆಟ್ಟ ದಿನದಿಂದ ಇದ್ದಾಳೆ, ಒಂಬತ್ತು ಜನ ಹೆಂಗಸರ ಕೊಯ್ಲಿನ ಗುಂಪಿಗೆ ಅವಳೇ ಮುಂದಾಳು. ಎಲ್ಲರೂ ಗಂಜಿಗೆ ಕೂತಿದ್ದರು. ಪಂಪ್‌ಹೌಸಿನಿಂದ ಬಾಟಲಿ ತಂದು ಮುಂದಿಟ್ಟೆ. "ಮಾರಮ್ಮ, ಒಂದೊಂದು ಗುಟುಕು ಕುಡಿದು ಯಾವುದು ಚೆನ್ನಾಗಿದೆ ಹೇಳು. ನಿಮ್ಮ ಕಡೆ ಅಭ್ಯಾಸ ಇರುತ್ತಲ್ಲ" ಅಂದೆ.

ಅವಳು ಕೈ ತೊಳೆದುಕೊಂಡಳು.

"ದೀಕ್ಸೆ ತಗಂಡು ಅನ್ನೊಂದು ವರ್ಸ ಆಯ್ತು ಸಾ. ಬುದ್ದನ್ ಮುಂದೆ ಮಾತು ಕೊಟ್ಟಿವ್ನಿ. ನಮ್ಮನೇಲಿ ಒಬ್ರೂ ಮುಟ್ಟಕ್ಕಿಲ್ಲ. ನಿಮ್ಮನೆ ಒಳಕ್ಕೆ ಬ್ಯಾಡದ್ದು ನನ್ ಬಾಯ್ಗೆ ಬೇಕಾ?"

ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಅಯ್ಯೋ, ಇಷ್ಟಕ್ಕೇ ಇಷ್ಟು ಸಿಟ್ಟೇ?

೫ ಮಾರ್ಚ್, ಬುಧವಾರ

ಆರನೇ ದಿನ. ಮಾರಮ್ಮ ಇಲ್ಲ. ಉಳಿದವರು ಬರುತ್ತಾರೆ, ಕೇಳಿದ್ದಕ್ಕೆ ಹ್ಞೂಂ ಹ್ಞಾಂ, ಅಷ್ಟೇ. ಅವಳಿದ್ದರೆ ಸಾಲಿನ ತುಂಬ ನಗು ಇರುತ್ತಿತ್ತು.

ಪ್ರೇಮಾಗೆ ಹೇಳಿದೆ. ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಿಮಗಿರೋ ವ್ರತ ಅವರಿಗೆ ಇರಬಾರದಾ? ನನ್ನನ್ನ ಯಾರಾದ್ರೂ ಹಾಗೆ ಕೇಳಿದ್ರೆ ಸುಮ್ನಿರ್ತಿದ್ರಾ?"

ಇಲ್ಲ. ಜುಟ್ಟು ಹಿಡಿಯುತ್ತಿದ್ದೆ. ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

೮ ಮಾರ್ಚ್, ಶನಿವಾರ. ಸಂಜೆ ೬

ಅವರ ಮನೆಗೆ ಹೋಗಿ ಬಂದೆ. ಗೋಡೆಯ ಮೇಲೆ ಬುದ್ಧನ ಫೋಟೋ. ಕುರ್ಚಿ ಹಾಕಿದರು. "ತಪ್ಪಾಯ್ತು, ಮಾರಮ್ಮನವರೇ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಅಂದೆ.

"ಏನ್ ಸಾ, ನೀವು ತಾವು ಅಂತಿದ್ದೀರಿ, ಜರ ಗಿರ ಬಂದೈತಾ?" ನಕ್ಕರು. ಆಮೇಲೆ ನಗು ನಿಂತಿತು. "ಇಲ್ಲಿ ಬಂದು ಮೆಲ್ಲಗಂದ್ರೆ ಏನ್ ಬಂತು? ಅಂದಿದ್ದು ಒಂಬತ್ ಜನದ್ ಮುಂದೆ. ಅಲ್ಲೇ ಒಪ್ಕಳಿ. ಆಗ ಬತ್ತೀನಿ."

ಎದ್ದೆ. ಬಾಗಿಲವರೆಗೆ ಬಂದವರು, "ಅಲ್ಲಾ ಸಾ, ಅಣ್ಣು ಆರ್ಸಕ್ಕೆ ಯಾಕ್ ಕುಡೀಬೇಕು? ಅಣ್ಣೇ ಐತಲ್ಲ ಕಣ್ ಮುಂದೆ" ಅಂದರು. ದಾರಿಯುದ್ದಕ್ಕೂ ಅದೇ ಮಾತು.

೧೧ ಮಾರ್ಚ್, ಮಂಗಳವಾರ. ಬೆಳಿಗ್ಗೆ ೯

ಹೇಳಿಬಿಟ್ಟೆ. ಎಂಟು ಗಂಟೆಗೆ, ಎಲ್ಲರೂ ಸೇರಿದ ಮೇಲೆ. ಹೇಳಿ ಕಳಿಸಿದ್ದಕ್ಕೆ ಮಾರಮ್ಮನವರೂ ಕೇಳಲು ಬಂದು ನಿಂತಿದ್ದರು. ಏನು ಅಂದಿದ್ದೆ, ಅದರಲ್ಲಿ ತಪ್ಪೇನು — ಎರಡೂ. ಮಾರಮ್ಮ ತಲೆಯಾಡಿಸಿ ನೇರ ಕ್ಯಾಬರ್ನೆ ಸಾಲಿಗೆ ನಡೆದರು. ಹಿಂದೆ ನಾನು. ಮೀಟರಿನಲ್ಲಿ ಇಪ್ಪತ್ತಮೂರು, ಬೇಕಾದಷ್ಟು ಸಿಹಿ ಅಂತ ಜೋರಾಗಿಯೇ ಹೇಳಿದೆ. ಅವರು ಒಂದು ಹಣ್ಣು ಅಗಿದು ಬೀಜ ಅಂಗೈಗೆ ಉಗುಳಿದರು.

"ಸಿಹಿ ಆಗೈತೆ ಸಾ, ಮಾಗಿಲ್ಲ. ಬೀಜ ನೋಡಿ, ಇನ್ನೂ ಅಸ್ರು. ಒಗರು ಒಗರು. ಈ ತಣ್ಣನ್ ಜಾಗ್ದಲ್ಲಿ ಇದು ಮಾಗೋ ಒತ್ಗೆ ಯುಗಾದಿ ಮಳೆ ಉಯ್ದು ಅರ್ದ ಅಣ್ಣು ಒಡ್ಕತದೆ. ಓದ್ ವರ್ಸ ಆಗ್ಲಿಲ್ವಾ?"

ಆಗಿತ್ತು. ನಾನು ಮಳೆಯನ್ನು ಬೈದಿದ್ದೆ.

ಶಿರಾಜ್ ಬೀಜ ಉಗುಳಿದರು. ಹುರಿದ ಹಾಗೆ ಕಂದು. ನಾನೂ ಅಗಿದೆ, ಕಟುಂ ಅಂತು. ವೈನಿಗೆ ಬೇಕಾದ ಹುಳಿಯೂ ಇತ್ತು. ಮೂರು ವರ್ಷ ಮೀಟರು ನೋಡಿದೆ, ಒಂದು ಬೀಜ ಕಡಿದು ನೋಡಲಿಲ್ಲವಲ್ಲೋ ಪಾಲಾಕ್ಷ!

ನರ್ಸರಿಗೆ ಫೋನ್. ಮೂರು ಎಕರೆಗೂ ಶಿರಾಜ್. "ಕ್ಯಾಬರ್ನೆ ಅಂತಿದ್ರಲ್ಲ ಸಾ, ಯಾರು ಆರ್ಸಿದ್ದು?" ನರ್ಸರಿಯವನ ಪ್ರಶ್ನೆ. ನಾನೇ ಅನ್ನಲು ಬಾಯಿ ತೆರೆದೆ. ಹಳೇ ಚಾಳಿ. ನುಂಗಿಕೊಂಡು, ಒಂಬತ್ತು ಜನಕ್ಕೂ ಕೇಳುವ ಹಾಗೆ ಹೇಳಿದೆ — ಮಾರಮ್ಮನವರು.

ಈ ಮೂರು ಎಕರೆ ಗೆಲ್ಲುತ್ತದೆ. ಅನುಮಾನವೇ ಇಲ್ಲ.

"ಬರ್ಕಂಡು ಕುಂತ್ಕಬ್ಯಾಡಿ ಸಾ! ಸಿರಾಜು ಇವತ್ತೇ ಇಳೀಬೇಕು!" — ಮಾರಮ್ಮನವರ ಕೂಗು. ನನ್ನ ಪಾಲಿಗೂ ಒಂದು ಖಾಲಿ ಕ್ರೇಟು ಇಟ್ಟಿದ್ದಾರೆ, ಅವರ ಪಕ್ಕದ ಸಾಲಿನಲ್ಲೇ. ಎದ್ದೆ, ಇನ್ನು...